ಹೊಟ್ಟೆನೋವಿನ ಚೀಟಿ

ತಮ್ಮ ಧೀರಜ್ ಒಂಬತ್ತು ದಿನದಿಂದ ಸ್ನಾನ ಮಾಡಿಲ್ಲ, ಹಾಸಿಗೆ ಬಿಟ್ಟು ಏಳುತ್ತಿಲ್ಲ ಅಂತ ಅಮ್ಮ ಫೋನಿನಲ್ಲಿ ಹೇಳಿದ್ದು ಮಂಗಳವಾರ. ವಿಜಯವಾಡದ ಭವಾನಿಪುರಂನ ನಮ್ಮ ಮನೆಯಲ್ಲಿ ಗಂಡ ದುರ್ಗಾಪ್ರಸಾದ್‌ಗೆ ಊಟ ನೀವೇ ನೋಡಿಕೊಳ್ಳಿ ಅಂದವಳೇ ಮಾರನೆಯ ಬೆಳಿಗ್ಗೆ ರೈಲು ಹತ್ತಿದೆ. ತವರೂರು ವಿಶಾಖಪಟ್ಟಣ ಬರುವವರೆಗೂ ಹಲ್ಲು ಕಡಿಯುತ್ತಲೇ ಇದ್ದೆ. ಒಂಬತ್ತು ದಿನ ಇವರೆಲ್ಲ ಕತ್ತೆ ಕಾಯುತ್ತಿದ್ದರಾ?

ಮನೆಯಲ್ಲಿ ಅಪ್ಪ ಷೂ ಪಾಲಿಷ್ ಮಾಡುತ್ತಿದ್ದರು. ನೌಕಾಪಡೆಯಿಂದ ನಿವೃತ್ತರಾಗಿ ಏಳು ವರ್ಷವಾದರೂ ಪೆಟಿ ಆಫೀಸರ್ ತಿಮ್ಮಯ್ಯನವರ ಷೂ ಹೊಳೆಯಲೇಬೇಕು. ಇಪ್ಪತ್ತೆರಡರ ಮಗ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದ. ದಿಂಬಿನ ಪಕ್ಕ ಮಾತ್ರೆಗಳಿದ್ದವು. ಎತ್ತಿ ನೋಡಿದರೆ ಗ್ಯಾಸಿನ ಮಾತ್ರೆ.

"ಇದೇನಪ್ಪ?"

"ಹೊಟ್ಟೆನೋವು ಅಂತ ಚೀಟಿ ಬರೆಸ್ದೆ ಕಣಮ್ಮ. ಮನಸ್ಸಿನ ಡಾಕ್ಟ್ರು ಅಂದ್ರೆ ಫೈಲಲ್ಲಿ ಉಳಿದ್ಬಿಡ್ತದೆ. ಮುಂದಿನ ತಿಂಗಳು ನವೆಂಬರಲ್ಲಿ ನೇವಿ ಆಫೀಸರ್ ಇಂಟರ್‌ವ್ಯೂ. ಆಮೇಲೆ ಮೆಡಿಕಲ್‌ನಲ್ಲಿ ಅನ್‌ಫಿಟ್ ಅಂದ್ರೆ ಏನ್ ಮಾಡೋದು?"

ಮೈಯೆಲ್ಲ ಉರಿದುಹೋಯಿತು. ಎರಡು ಸಲ ಇಂಟರ್‌ವ್ಯೂನಲ್ಲಿ ಬಿದ್ದು ಬಂದವನನ್ನು ಮೂರನೆಯದಕ್ಕೆ ಕಾಪಾಡಿ ಇಡುತ್ತಿದ್ದಾರೆ, ಅದೂ ಗ್ಯಾಸಿನ ಮಾತ್ರೆ ನುಂಗಿಸಿ.

"ಎದ್ದು ಕೂರೋಕಾಗ್ದೋನು ಹಡಗು ನಡೆಸ್ತಾನಾ ಅಪ್ಪ? ನಿಮಗೇನಾದ್ರೂ ಬುದ್ಧಿ ಇದೆಯಾ?"

"ಸುಮ್ನಿರೆ ಲಾವಣ್ಯಾ," ಅಂದರು ಅಮ್ಮ. "ವಯಸ್ಸಿನ ಹುಡುಗ, ಒಂದು ಗುರಿ ಅಂತ ಬೇಡ್ವಾ? ಸಿಂಹಾಚಲಂ ಅಪ್ಪನ್ನ ಸ್ವಾಮಿಗೆ ಹರಕೆ ಹೊತ್ತಿದೀನಿ."

ಗುರಿಯಂತೆ ಗುರಿ. ಅಧಿಕಾರಿಯಾಗಬೇಕೆಂಬ ಆಸೆ ಪೆಟಿ ಆಫೀಸರ್ ದರ್ಜೆ ದಾಟಲಾಗದ ಅಪ್ಪನದು, ಅದನ್ನು ಹೊರಬೇಕಾದವನು ಇವನು. ನಾನೇನು ಕಮ್ಮಿ? ಪ್ರತಿ ಭಾನುವಾರ ಫೋನ್ ಮಾಡಿ ಓದು ಎಲ್ಲಿಗೆ ಬಂತೋ ಅಂತ ಕೇಳುತ್ತಿದ್ದೆ, ಹೇಗಿದ್ದೀಯೋ ಅಂತ ಒಂದು ದಿನವೂ ಕೇಳಲಿಲ್ಲ. ನನ್ನ ಮೇಲೂ ಅಷ್ಟೇ ಸಿಟ್ಟು ಬಂತು.

ಗೋಡೆಯ ಕಡೆ ತಿರುಗಿದ್ದವನು ಹಾಗೆಯೇ ಹೇಳಿದ, "ಜಗಳ ಬೇಡ ಅಕ್ಕ. ನಂಗೆ ಏನೂ ಆಗ್ಬೇಕಿಲ್ಲ. ಬೆಳಿಗ್ಗೆ ಎದ್ದೇಳೋಕಾದ್ರೆ ಸಾಕು."

ಅಪ್ಪನ ಮುಂದೆ ಕೈ ಚಾಚಿದೆ. ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಅಪ್ಪನ ಕಾರ್ಡಿಲ್ಲದೆ ಚೀಟಿ ಕೊಡುವುದಿಲ್ಲ.

"ಕಾರ್ಡ್ ಕೊಡಿ. ಈ ಸಲ ಚೀಟಿ ನಾನು ಬರೆಸ್ತೀನಿ. ಇಲ್ಲಾಂದ್ರೆ ಇವನನ್ನ ಈಗ್ಲೇ ವಿಜಯವಾಡಕ್ಕೆ ಕರ್ಕೊಂಡ್ಹೋಗ್ತೀನಿ. ಮತ್ತೆ ಈ ಮನೆ ಮೆಟ್ಟಿಲು ತುಳಿಯಲ್ಲ."

 ಅಪ್ಪ ಪಾಲಿಷ್ ಮಾಡಿದ ಷೂ ಬಿಟ್ಟು ಚಪ್ಪಲಿ ಮೆಟ್ಟಿಕೊಂಡು, ಕಾರ್ಡು ಹಿಡಿದು ನಮ್ಮಿಬ್ಬರನ್ನು ಕರೆದುಕೊಂಡು ತಾವೇ ಹೊರಟರು.

ಆಸ್ಪತ್ರೆಯಲ್ಲಿ ಮನೋವೈದ್ಯೆ ಹಿಮಬಿಂದು ತೆಲುಗಿನಲ್ಲಿ ಏನಾಗುತ್ತಿದೆ ಅಂತ ಕೇಳಿದರು. ಧೀರಜ್ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಮನೆಯಲ್ಲಿ ಬಿಟ್ಟರೆ ಅವನ ಮಾತೆಲ್ಲ ತೆಲುಗು. ತಲೆ ತಗ್ಗಿಸಿ ನಿಧಾನವಾಗಿ ಹೇಳಿದ. ನಾಲ್ಕು ತಿಂಗಳಿಂದ ಬದುಕಬೇಕು ಅಂತಲೇ ಅನ್ನಿಸುತ್ತಿಲ್ಲವಂತೆ. ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡು ಕೂತರು.

ಅಪ್ಪ ಅವನ ಕಡೆ ತಿರುಗಿದರು. "ಲೋ ಮಗ, ಇಷ್ಟು ದಿನ ನಂಗ್ಯಾಕೋ ಹೇಳ್ಲಿಲ್ಲ?"

ಧೀರಜ್ ಮೊದಲ ಸಲ ತಲೆಯೆತ್ತಿದ.

"ಹೇಳಿದ್ನಲ್ಲಪ್ಪ, ಜೂನಲ್ಲಿ. ಆವತ್ತೇ ನೀವು ಹೊಟ್ಟೆನೋವು ಅಂತ ಬರೆಸಿದ್ದು."