ಕುಡಿಯದವನಿಗೆ ಆಣೆ ಯಾಕೆ?

ಆಲ್ದೂರಿನ ಕಾಫಿ ವ್ಯಾಪಾರಿ ಓಂಕಾರಮೂರ್ತಿಯವರು ಕುಡಿತ ಕಲಿತಿದ್ದಾರೆ ಎಂಬ ಸುದ್ದಿ ಊರೆಲ್ಲ ಸುತ್ತಿ, ಕೊನೆಗೆ ಅವರ ಹೆಂಡತಿ ಗಿರಿಜಾಂಬಾ ಅವರ ಕಿವಿಗೆ ಬಿತ್ತು. ಹೇಳಿದ್ದು ಹಾಲಿನ ಡೈರಿಯಲ್ಲಿ ಪಕ್ಕದಲ್ಲೇ ನಿಂತಿದ್ದ ಹೆಂಗಸು.

"ನಿಮ್ಮವ್ರು ಮುಂಚೆ ಹೀಗಿರ್ಲಿಲ್ಲ ಅಲ್ವಾ ಗಿರಿಜಕ್ಕ. ಈಗ ಹಗಲು ಹೊತ್ತಲ್ಲೇ ಶುರು ಮಾಡ್ಕೊಂಡಿದಾರಂತೆ, ಪಾಪ."

ಆ 'ಪಾಪ' ಎನ್ನುವ ಮಾತಿಗೆ ಗಿರಿಜಾಂಬಾ ಅವರ ಮೈಯೆಲ್ಲ ಉರಿದುಹೋಯಿತು. ಮದುವೆ ಮನೆಯಲ್ಲಿ ಯಾರೋ ಕುಡಿದು ಬಂದು ಪಕ್ಕದ ಎಲೆಗೆ ಕೂತರೆ ಊಟ ಬಿಟ್ಟು ಎದ್ದು ಬರುವ ಮನುಷ್ಯ ಅವರ ಗಂಡ. ಅಂಥವರ ಮೇಲೆ ಇಂಥ ಮಾತು. ಹಾಲಿನ ಕ್ಯಾನು ಅಲ್ಲೇ ಕುಕ್ಕಿ, "ನೀವು ನೋಡಿದ್ರಾ ಅವ್ರು ಕುಡಿದಿದ್ದನ್ನ?" ಎಂದು ಕೇಳಿದರು. ಆಕೆ ನೋಡಿರಲಿಲ್ಲ. ನೋಡಿದವರು ಊರಲ್ಲಿ ಒಬ್ಬರೂ ಇರಲಿಲ್ಲ. ಹೇಳುವವರು ಮಾತ್ರ ಊರು ತುಂಬ ಇದ್ದರು.

ಆದರೆ ಮನೆಗೆ ಬರುವಾಗ ಗಿರಿಜಾಂಬಾ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದರು. ಯಾಕೆಂದರೆ ಅನುಮಾನ ಅವರ ಮನಸ್ಸಿನಲ್ಲೂ ಇತ್ತು.

ಮೂರು ತಿಂಗಳಿಂದ ನಡೆಯುತ್ತಿತ್ತು ಇದು. ಚೆನ್ನಾಗಿಯೇ ಇದ್ದ ಮನುಷ್ಯ ಇದ್ದಕ್ಕಿದ್ದ ಹಾಗೆ ಬೆವರಲು ಶುರು ಮಾಡುತ್ತಿದ್ದರು. ಡಿಸೆಂಬರ್ ಚಳಿಯಲ್ಲಿ ಅಂಗಿ ಒದ್ದೆ. ಕೈ ನಡುಕ, ನಾಲಿಗೆ ತೊದಲು, ಕಾರಣವಿಲ್ಲದೆ ಎಲ್ಲರ ಮೇಲೂ ರೇಗಾಟ. ಒಂದು ದಿನ ಅಂಗಡಿಗೆ ಬಂದ ಹಳೇ ಬೆಳೆಗಾರ ವೀರೇಂದ್ರ ಅವರನ್ನೇ "ಯಾರ್ರೀ ನೀವು?" ಎಂದು ಕೇಳಿಬಿಟ್ಟಿದ್ದರು. ವೀರೇಂದ್ರ ಚೀಲ ಇಳಿಸದೆ ತಂದಿದ್ದ ಕಾಫಿ ಬೀಜ ತಗೊಂಡು ಬೇರೆ ಅಂಗಡಿಗೆ ಹೋದರು. ಹೋದ ವಾರವಂತೂ ಚಿಕ್ಕಮಗಳೂರಿನ ದಾರಿಯ ತಿರುವಿನಲ್ಲಿ ಪಿಕಪ್ ಗಾಡಿಯನ್ನು ಚರಂಡಿಗೆ ಇಳಿಸಿದ್ದರು. ಇನ್ನೊಂದು ಮಾರು ಆಚೆ ಹೋಗಿದ್ದರೆ ಪ್ರಪಾತ. ಸೇರಿದ ಜನ ಗಾಡಿ ಎತ್ತುವ ಮೊದಲು ಅವರ ಬಾಯಿ ಮೂಸಿ ನೋಡಿದರಂತೆ.

ಗಿರಿಜಾಂಬಾ ಕೂಡ ಮೂಸಿ ನೋಡಿದ್ದರು. ಏನೂ ವಾಸನೆ ಬಂದಿರಲಿಲ್ಲ. 'ವಾಸನೆ ಬರದ ಹಾಗೆ ಕುಡಿಯೋದನ್ನ ಕಲಿತಿದ್ದಾರೆ' ಎಂದುಕೊಂಡು ಎರಡು ಸಲ ಅವರನ್ನು ರೂಮಿಗೆ ದಬ್ಬಿ, ಹೊರಗಿಂದ ಚಿಲಕ ಹಾಕಿ, ನಿದ್ದೆ ಮಾಡಿ ಇಳಿಸಿಕೊಳ್ಳಲಿ ಎಂದು ಬಿಟ್ಟಿದ್ದರು. ಅವರೋ, "ನಾನು ಮುಟ್ಟಿಲ್ಲ ಗಿರಿಜಾ, ನಿನ್ನಾಣೆ" ಎಂದು ಒಳಗಿಂದ ಹೇಳುತ್ತಲೇ ಇದ್ದರು. ಆ ಮಾತು ನೆನೆದರೆ ಇವತ್ತಿಗೂ ಆಕೆಗೆ ಅನ್ನ ಇಳಿಯುವುದಿಲ್ಲ.

ಈ ಊರಿನ ಕಾಫಿ ವ್ಯಾಪಾರಕ್ಕೆ ಒಂದು ಪದ್ಧತಿ ಇದೆ. ಬೆಳೆಗಾರ ಚೀಲ ತಂದರೆ, ಕೊಳ್ಳುವವನೂ ಮಾರುವವನೂ ಎದುರುಬದುರು ಕೂತು ಒಂದೊಂದು ಲೋಟ ಬೆಲ್ಲದ ಕಾಫಿ ಕುಡಿಯಬೇಕು. ಆಮೇಲೇ ಚೀಲದ ಬಾಯಿ ಬಿಚ್ಚುವುದು. ಕುಡಿಯದಿದ್ದರೆ ಬಂದವರಿಗೆ ಅವಮಾನ. ಸುಗ್ಗಿಯ ದಿನಗಳಲ್ಲಿ ಮಧ್ಯಾಹ್ನದೊಳಗೆ ಓಂಕಾರಮೂರ್ತಿಯವರು ಆರೇಳು ಲೋಟ ಕುಡಿದಿರುತ್ತಿದ್ದರು. ಕಾಫಿ ಕಾಸಿ ಅಂಗಡಿಗೆ ಕಳಿಸುತ್ತಿದ್ದವರು ಗಿರಿಜಾಂಬಾ. ಬೆಲ್ಲ ಹಾಕುವುದರಲ್ಲಿ ಅವರ ಕೈ ದೊಡ್ಡದು.

ಎರಡು ವರ್ಷದ ಹಿಂದೆ ಓಂಕಾರಮೂರ್ತಿಯವರ ತೂಕ ನೂರಮೂವತ್ತು ಕಿಲೋ ದಾಟಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಮಂಡಿ ನೋವು, ಬಿಪಿ. ದೊಡ್ಡ ಊರಿನ ಆಸ್ಪತ್ರೆಯಲ್ಲಿ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡರು. ಹೊಟ್ಟೆಯನ್ನು ಚಿಕ್ಕದು ಮಾಡಿ, ಕರುಳಿಗೆ ಬೇರೆ ದಾರಿ ಜೋಡಿಸುವ ಆಪರೇಷನ್ ಅದು. ಐವತ್ತು ಕಿಲೋ ಇಳಿಯಿತು, ಮಂಡಿ ನೋವು ಹೋಯಿತು. ಎರಡು ಸಲ ತಪಾಸಣೆಗೆ ಹೋಗಿ ಬಂದರು. ಎಲ್ಲ ಸರಿಯಾಯಿತಲ್ಲ, ಇನ್ನು ಯಾಕೆ ಅಷ್ಟು ದೂರ ಎಂದು ಮೂರನೇ ಸಲ ಹೋಗಲಿಲ್ಲ. ಆಸ್ಪತ್ರೆಯವರು ಕೊಟ್ಟ ಫೈಲು ಇಂಗ್ಲಿಷಿನಲ್ಲಿತ್ತು. ಅದನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಜೋಪಾನವಾಗಿ ಇಟ್ಟರು.

ಕುಡಿತದ ಸುದ್ದಿ ಓಂಕಾರಮೂರ್ತಿಯವರ ಅಣ್ಣ ಚನ್ನಬಸವ ಅವರಿಗೂ ಮುಟ್ಟಿತು. ಬಣಕಲ್‌ನಲ್ಲಿ ಅಂಗಡಿ ಇಟ್ಟುಕೊಂಡಿರುವ ಅವರು ಮನೆತನಕ್ಕೆಲ್ಲ ಹಿರಿಯರು. ಒಂದು ಭಾನುವಾರ ಇಬ್ಬರು ದಾಯಾದಿಗಳನ್ನು ಕರೆದುಕೊಂಡು ಆಲ್ದೂರಿಗೆ ಬಂದರು. ತಮ್ಮನಿಂದ ಆಣೆ ಮಾಡಿಸುವುದು ಅವರ ಉದ್ದೇಶ.

ಮನೆಗೆ ಬಂದವರಿಗೆ ಊಟ ಹಾಕದೆ ಇರಲಾಗುತ್ತದೆಯೇ? ಗಿರಿಜಾಂಬಾ ಶಾವಿಗೆ ಪಾಯಸ ಮಾಡಿದರು. ಒಂದು ಗಂಟೆಗೆ ಎಲ್ಲರೂ ಕೂತರು. ಓಂಕಾರಮೂರ್ತಿ ನಾಲ್ಕು ತುತ್ತು ಅನ್ನ ತಿಂದು ಕೈ ತೊಳೆಯಲು ಹೊರಟರು.

"ಇದೆಂತದು ಮಾರಾಯ, ಕೋಳಿ ಮರಿ ಕಾಳು ಹೆಕ್ಕಿದ ಹಾಗೆ. ಮೈಯಲ್ಲಿ ಶಕ್ತಿ ಎಲ್ಲಿಂದ ಬರ್ಬೇಕು? ಪಾಯಸನಾದ್ರೂ ಕುಡಿ" ಎಂದರು ಚನ್ನಬಸವ. ಎರಡು ಬಟ್ಟಲು ಬಡಿಸಿದವರು ಗಿರಿಜಾಂಬಾ. ಮೇಲೆ ಒಂದು ಲೋಟ ಬೆಲ್ಲದ ಕಾಫಿ. ಅಣ್ಣನ ಮಾತು ಮೀರಲಾರದೆ ಅವರು ಎಲ್ಲವನ್ನೂ ಕುಡಿದರು.

ಆಮೇಲೆ ಪಂಚಾಯ್ತಿ ಶುರುವಾಯಿತು. ಜಗಲಿಯಲ್ಲಿ ಚಾಪೆ ಹಾಸಿ ಎಲ್ಲರೂ ಕೂತರು.

"ನಮ್ಮ ಮನೆತನದಲ್ಲಿ ಇಂಥದ್ದು ಇರ್ಲಿಲ್ಲ. ಕೊರಳಲ್ಲಿರೋ ಲಿಂಗ ಮುಟ್ಟಿ ಹೇಳು, ಇನ್ನು ಮೇಲೆ ಕುಡಿಯಲ್ಲ ಅಂತ" ಎಂದರು ಚನ್ನಬಸವ.

ಓಂಕಾರಮೂರ್ತಿಯ ಕಣ್ಣು ಕೆಂಪಾಯಿತು. "ಅಣ್ಣ, ಇಷ್ಟು ದಿನ ಕುಡೀತಿದ್ದವನು ಇನ್ನು ಮೇಲೆ ಕುಡಿಯಲ್ಲ ಅನ್ನಬೇಕು. ನಾನು ಯಾವತ್ತೂ ಮುಟ್ಟಿಲ್ಲ. ಮುಟ್ಟದವನು ಯಾಕೆ ಆಣೆ ಮಾಡ್ಲಿ? ಆಣೆ ಮಾಡಿದ್ರೆ ಕುಡಿದಿದ್ದೆ ಅಂತ ಒಪ್ಪಿಕೊಂಡ ಹಾಗಾಗುತ್ತೆ. ಸತ್ತರೂ ಮಾಡಲ್ಲ."

ಎರಡು ಗಂಟೆ ಹೊತ್ತು ಅದೇ ಮಾತು. ಬೈದರು, ಬೇಡಿದರು, ಸತ್ತ ತಂದೆಯ ಹೆಸರು ಎತ್ತಿದರು. ಓಂಕಾರಮೂರ್ತಿ ಚಾಪೆ ಬಿಟ್ಟು ಏಳಲಿಲ್ಲ, ಆಣೆಯನ್ನೂ ಮಾಡಲಿಲ್ಲ. ಮೂರೂ ಕಾಲರ ಹೊತ್ತಿಗೆ ಅವರ ಹಣೆಯಲ್ಲಿ ಬೆವರು ಮೂಡಿತು. ಕೈ ನಡುಗತೊಡಗಿತು. "ಅಣ್ಣ... ಗಾಡಿ... ಚೀಲ ಮಳೇಲಿ..." ಎಂದು ಏನೇನೋ ತೊದಲಿದರು. ಎದ್ದು ನಿಲ್ಲಲು ಹೋಗಿ ಕಂಬಕ್ಕೆ ಆನಿಕೊಂಡರು.

"ನೋಡಿದ್ರಾ, ಎಷ್ಟು ಹೊತ್ತಿಗೆ ಹಾಕ್ಕೊಂಡ ಇವ್ನು" ಎಂದು ದಾಯಾದಿಯೊಬ್ಬರು ಅಂದರು. ಚನ್ನಬಸವ, "ಗಿರಿಜಮ್ಮ, ಹುಳಿ ಮಜ್ಜಿಗೆಗೆ ನಿಂಬೆಹಣ್ಣು ಹಿಂಡಿ ಕುಡಿಸಿ ಮಲಗಿಸು. ಬೆಳಗಾಗೋದ್ರೊಳಗೆ ಇಳಿಯತ್ತೆ" ಎಂದರು.

ಗಿರಿಜಾಂಬಾ ಅವರಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

"ಯಾವಾಗ ಕುಡಿದ್ರು ಭಾವ? ಒಂದು ಗಂಟೆಯಿಂದ ನಿಮ್ಮ ಕಣ್ಣೆದುರೇ ಕೂತಿದಾರೆ. ಮೂರು ಜನ ಗಂಡಸ್ರು ಕಾವಲು ಕಾದ ಹಾಗೆ ಕೂತಿದೀರಿ. ನಾನು ಬಡಿಸಿದ್ದು ಬಿಟ್ರೆ ಬೇರೆ ಎಂತದೂ ಅವ್ರ ಬಾಯಿಗೆ ಹೋಗಿಲ್ಲ. ಇದು ಕುಡಿತ ಅಲ್ಲ, ಇನ್ನೇನೋ ಇದೆ."

ಹಾಗೆಂದವರೇ ಬೇಲಿ ದಾಟಿ ಪಕ್ಕದ ಮನೆಗೆ ಓಡಿದರು. ಅಲ್ಲಿ ಬಾಡಿಗೆಗೆ ಇದ್ದವಳು ಆರೋಗ್ಯ ಉಪಕೇಂದ್ರದ ನರ್ಸ್ ಕವನಾ. ಭಾನುವಾರವಾದ್ದರಿಂದ ಮನೆಯಲ್ಲೇ ಇದ್ದಳು. ವಿಷಯ ಕೇಳಿ, ಮನೆಮನೆ ತಪಾಸಣೆಗೆ ಒಯ್ಯುವ ಚೀಲವನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಓಂಕಾರಮೂರ್ತಿಯ ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಸಕ್ಕರೆ ನೋಡುವ ಮೆಷಿನ್ನಿಗೆ ಮುಟ್ಟಿಸಿದಳು.

"ನಲವತ್ತೆಂಟು. ಎಪ್ಪತ್ತಕ್ಕಿಂತ ಕಡಿಮೆ ಇರಬಾರದು. ಅಣ್ಣ, ನನ್ನ ಮಾತು ಕೇಳಿಸ್ತಾ ಇದ್ಯಾ? ಒಂದು ಗುಟುಕು ನೀರು ನುಂಗಿ ನೋಡೋಣ."

ಅವರು ನುಂಗಿದರು. ಕವನಾ ಅರ್ಧ ಲೋಟ ನೀರಿಗೆ ಮೂರು ಚಮಚ ಗ್ಲೂಕೋಸ್ ಪುಡಿ ಕದಡಿ ನಿಧಾನಕ್ಕೆ ಕುಡಿಸಿದಳು. "ಎಚ್ಚರ ಇದೆ, ನುಂಗ್ತಾರೆ, ಅದಕ್ಕೆ ಬಾಯಿಗೆ ಕೊಟ್ಟೆ. ಎಚ್ಚರ ತಪ್ಪಿದ್ರೆ ಒಂದು ಹನಿನೂ ಬಾಯಿಗೆ ಹಾಕಬಾರದು. ಒಂದು ಪಕ್ಕಕ್ಕೆ ಮಲಗಿಸಿ ಆಂಬುಲೆನ್ಸಿಗೆ, ನೂರಾಎಂಟಕ್ಕೆ ಫೋನ್ ಮಾಡಬೇಕು. ಮಲಗಿದ್ರೆ ಇಳಿಯತ್ತೆ ಅಂದ್ರಂತಲ್ಲ, ಯಾರು ಅಂದಿದ್ದು? ಹೀಗೇ ಮಲಗಿಸಿದ್ರೆ ಏಳದೇನೂ ಇರಬಹುದಿತ್ತು."

ಚಿಲಕ ಹಾಕಿದ ಆ ಎರಡು ದಿನಗಳು ಕಣ್ಣ ಮುಂದೆ ಬಂದು ಗಿರಿಜಾಂಬಾ ಸೆರಗಿನಿಂದ ಗಂಡನ ಹಣೆಯ ಬೆವರು ಒರೆಸಿದರು.

ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದಾಗ ಎಂಬತ್ತೆರಡು. ಓಂಕಾರಮೂರ್ತಿಯ ಮುಖಕ್ಕೆ ಕಳೆ ಬಂತು. "ಏನಾಯ್ತು?" ಎಂದು ಕೇಳಿದರು.

"ಅಕ್ಕ, ಹೆಸರುಕಾಳು ಪಲ್ಯ ಇದ್ರೆ ಒಂದು ಚಪಾತಿ ಜೊತೆ ಕೊಡಿ. ಬರೀ ಗ್ಲೂಕೋಸ್ ಕೊಟ್ಟು ಸುಮ್ನಾದ್ರೆ ಸ್ವಲ್ಪ ಹೊತ್ತಿಗೆ ಮತ್ತೆ ಇಳಿಯತ್ತೆ" ಎಂದ ಕವನಾ, ಸಕ್ಕರೆ ಕಾಯಿಲೆಯ ಮಾತ್ರೆ ಏನಾದರೂ ತಗೊಳ್ಳುತ್ತಾರಾ ಎಂದು ವಿಚಾರಿಸಿದಳು. ಇಲ್ಲ ಎಂದರು ಓಂಕಾರಮೂರ್ತಿ. ಏನಾದರೂ ಆಪರೇಷನ್ ಆಗಿದೆಯಾ ಎಂದಳು. ಗಿರಿಜಾಂಬಾ ಬೀರುವಿನಿಂದ ಫೈಲು ತಂದು ಕೊಟ್ಟರು. ಪುಟ ಮಗುಚುತ್ತ ಹೋದಂತೆ ಕವನಾಳ ಮುಖ ಬಿಗಿಯಿತು.

"ಇಲ್ಲೇ ಬರೆದಿದಾರಲ್ಲ ಅಕ್ಕ. ಈ ಆಪರೇಷನ್ ಆದವರಲ್ಲಿ ಕೆಲವರಿಗೆ, ವರ್ಷ ಎರಡು ವರ್ಷ ಕಳೆದ ಮೇಲೆ, ಸಿಹಿ ತಿಂದ ಒಂದೆರಡು ಗಂಟೆಗೆ ಸಕ್ಕರೆ ತೀರಾ ಇಳಿದುಬಿಡುತ್ತೆ ಅಂತ. ಕನ್ನಡದ ಜನಕ್ಕೆ ಇಂಗ್ಲಿಷಲ್ಲಿ ಬರೆದು ಕೈಗೆ ಕೊಟ್ರೆ ಅವರ ಕೆಲಸ ಮುಗೀತಾ? ಕೂರಿಸಿಕೊಂಡು ಹೇಳಬೇಕಿತ್ತು. ನೀವೂ ಹಾಗೇ, ಓದಿಸಿ ಕೇಳಬೇಕಿತ್ತು."

ಚನ್ನಬಸವ ಇನ್ನೂ ಒಪ್ಪಲಿಲ್ಲ. "ಸಿಹಿ ತಿಂದ್ರೆ ಸಕ್ಕರೆ ಏರಬೇಕಲ್ಲಮ್ಮ. ಇಳಿಯೋದು ಹೆಂಗೆ?"

"ಮೊದಲು ಏರುತ್ತೆ ಸಾರ್. ನಮ್ಮ ಹೊಟ್ಟೆ ತಿಂದಿದ್ದನ್ನ ಸ್ವಲ್ಪ ಸ್ವಲ್ಪ ಕರುಳಿಗೆ ಬಿಡುತ್ತೆ. ಇವರಿಗೆ ಆ ತಡೆ ಇಲ್ಲ. ಪಾಯಸ ಕುಡಿದ್ರೆ ಸೀದಾ ಕರುಳಿಗೆ. ಸಕ್ಕರೆ ಒಮ್ಮೆಲೇ ರಕ್ತಕ್ಕೆ ನುಗ್ಗುತ್ತೆ. ಅದನ್ನ ಇಳಿಸೋಕೆ ಅಂತ ದೇಹ ಇನ್ಸುಲಿನ್ ಬಿಡುತ್ತೆ, ಬೇಕಾದ್ದಕ್ಕಿಂತ ಜಾಸ್ತಿನೇ ಬಿಡುತ್ತೆ. ಒಂದು ಲಾರಿ ಲೋಡ್ ಬಂತು ಅಂತ ಮೇಸ್ತ್ರಿ ಗಾಬರಿಯಾಗಿ ಹತ್ತು ಆಳಿನ ಬದಲು ಐವತ್ತು ಆಳು ಕಳಿಸಿದ ಹಾಗೆ. ಬಂದ ಚೀಲಾನೂ ಎತ್ತಿಬಿಡ್ತಾರೆ, ಗೋಡೌನಲ್ಲಿ ಇದ್ದಿದ್ದನ್ನೂ ಎತ್ತಿಬಿಡ್ತಾರೆ."

"ಮತ್ತೆ ನೀನೇ ಈಗ ಗ್ಲೂಕೋಸ್ ಕೊಟ್ಟೆ?"

"ಅದು ಇಳಿದಾಗ ಕೊಡೋ ಔಷಧಿ. ದಿನಾ ತಿನ್ನೋ ಊಟ ಅಲ್ಲ. ಸಿಹಿ, ಜ್ಯೂಸು, ಬೆಲ್ಲದ ಕಾಫಿ ಇವೆಲ್ಲ ನಿಲ್ಲಬೇಕು. ಬರೀ ಅನ್ನ ತಿನ್ನಬಾರದು, ಪ್ರತಿ ಊಟದಲ್ಲೂ ಕಾಳು, ಬೇಳೆ, ಪನ್ನೀರು, ಮೊಸರು ಏನಾದ್ರೂ ಇರಬೇಕು. ಹೊಟ್ಟೆ ಚಿಕ್ಕದು, ಹಾಗಾಗಿ ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ, ನಿಧಾನಕ್ಕೆ ಅಗಿದು ತಿನ್ನಲಿ. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಲಿ. ಜೇಬಲ್ಲಿ ಯಾವಾಗ್ಲೂ ಗ್ಲೂಕೋಸ್ ಇರ್ಲಿ. ಡಾಕ್ಟರ್ ನೋಡಿ ಹೇಳೋವರೆಗೆ ಗಾಡಿ ಓಡಿಸೋದು ಬೇಡ. ನಾಳೆನೇ ಡಾಕ್ಟರ ಹತ್ರ ಹೋಗಿ. ಬೇರೆ ಕಾರಣನೂ ಇರಬಹುದು, ಅವ್ರು ನೋಡೇ ಹೇಳಬೇಕು."

ಓಂಕಾರಮೂರ್ತಿ ತಲೆ ಕೆರೆದುಕೊಂಡರು. "ಬೆಳೆಗಾರರ ಜೊತೆ ಕಾಫಿ ಕುಡಿಯದಿದ್ರೆ ಅವ್ರಿಗೆ ಬೇಜಾರಾಗುತ್ತಲ್ಲ, ಗಿರಿಜಾ."

"ಆಗ್ಲಿ ಬಿಡಿ" ಎಂದರು ಗಿರಿಜಾಂಬಾ. "ನೀವು ಚರಂಡಿಗೆ ಬಿದ್ದಾಗ ಮೂಸಿ ನೋಡಿದವ್ರಿಗೆ ಬೇಜಾರಾಗಿತ್ತಾ? ಬೆಳೆಗಾರರಿಗೆ ಬೆಲ್ಲದ ಕಾಫಿ ಕೊಡೋಣ. ನಿಮ್ಮ ಲೋಟಕ್ಕೆ ಮಜ್ಜಿಗೆ ಹಾಕ್ತೀನಿ. ಕೇಳಿದವ್ರಿಗೆ ಕಾರಣ ಹೇಳಿ. ಹೇಳೋಕೆ ನಾಚಿಕೆ ಎಂತದು, ಕದ್ದಿದೀರಾ?" ಆಮೇಲೆ ಭಾವನ ಕಡೆ ತಿರುಗಿದರು. "ತಪ್ಪು ನಂದೂ ಇದೆ. ಆದ್ರೆ ಆಣೆ ಮಾಡಿಸೋಕೆ ಜನ ಕಟ್ಟಿಕೊಂಡು ಬಂದವರು ನೀವು. ಈಗ ಅದೇ ಜನಕ್ಕೆ ನಿಜ ಹೇಳೋ ಕೆಲಸನೂ ನಿಮ್ಮದೇ."

ಚನ್ನಬಸವ ತಮ್ಮನ ಪಕ್ಕ ಬಂದು ಕೂತರು. ಅವರ ಕೈಯನ್ನು ಹಿಡಿದುಕೊಂಡರು. "ಆಯ್ತಮ್ಮ" ಎಂದಷ್ಟೇ ಹೇಳಿದರು.

ಮಾತಿಗೆ ತಪ್ಪಲಿಲ್ಲ. ಮರುದಿನ ತಮ್ಮನನ್ನು ಚಿಕ್ಕಮಗಳೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದವರೂ ಅವರೇ. ಕವನಾ ಊಹಿಸಿದ್ದು ಸರಿ ಎಂದರು ಡಾಕ್ಟರು, ಆಪರೇಷನ್ ಮಾಡಿದ ಆಸ್ಪತ್ರೆಗೂ ಬರೆದುಕೊಟ್ಟರು. ವಾರದ ಸಂತೆಯ ದಿನ ಚನ್ನಬಸವ ಕಾಫಿ ಅಂಗಡಿಗಳ ಎದುರು ನಿಂತು, "ನನ್ನ ತಮ್ಮ ಯಾವತ್ತೂ ಕುಡಿದಿಲ್ಲ. ಕುಡೀತಾನೆ ಅಂತ ನಂಬಿದವನು ನಾನು, ತಪ್ಪು ನಂದು" ಎಂದು ಹೇಳಿದರು. ಈಗ ಓಂಕಾರಮೂರ್ತಿಯವರು ಏನು ತಿಂದೆ, ಎಷ್ಟು ಹೊತ್ತಿಗೆ ತಿಂದೆ ಎಂದು ಬರೆದಿಡುತ್ತಾರೆ. ಎರಡು ತಿಂಗಳಲ್ಲಿ ಒಂದೇ ಸಲ ಕೈ ನಡುಗಿತು, ಜೇಬಿನ ಗ್ಲೂಕೋಸ್ ತಗೊಂಡು ಸರಿಹೋದರು. ಬೆಳೆಗಾರರು ಏನೂ ಆಗೇ ಇಲ್ಲ ಎನ್ನುವ ಹಾಗೆ ಮತ್ತೆ ಚೀಲ ತಂದು ಇಳಿಸುತ್ತಿದ್ದಾರೆ. ತಪ್ಪಾಯಿತು ಎಂದು ಹೇಳಲು ಮಾತ್ರ ಇವತ್ತಿನವರೆಗೆ ಅವರಲ್ಲಿ ಒಬ್ಬರೂ ಬಂದಿಲ್ಲ. ಗಿರಿಜಾಂಬಾ ಅವರ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯಬೇಕಾಗಿಯೂ ಇಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲಿ ತೂಕ ಇಳಿಸುವ ಆಪರೇಷನ್ ಆದವರು ಇದ್ದರೆ ಆಸ್ಪತ್ರೆಯ ಕಾಗದಗಳನ್ನು ಇವತ್ತೇ ತೆಗೆದು ಓದಿಸಿ. ತಪಾಸಣೆ ತಪ್ಪಿಸಬೇಡಿ. ಬೇಡ ಎಂದವರ ಎಲೆಗೆ ಪ್ರೀತಿಯಿಂದಲೂ ಸಿಹಿ ಸುರಿಯಬೇಡಿ. ದಾರಿಯಲ್ಲಿ ಯಾರಾದರೂ ಬೆವರುತ್ತ, ತೊದಲುತ್ತ, ತೂರಾಡುತ್ತಿದ್ದರೆ ನಗುವ ಮೊದಲು ಹತ್ತಿರ ಹೋಗಿ. ಹೆಸರು ಕೇಳಿ, ಕೂರಿಸಿ, ನುಂಗುವ ಶಕ್ತಿ ಇದ್ದರೆ ಸಕ್ಕರೆ ನೀರು ಕೊಡಿ, ಇಲ್ಲದಿದ್ದರೆ ನೂರಾಎಂಟಕ್ಕೆ ಫೋನ್ ಮಾಡಿ. ತಪ್ಪು ತಿಳಿದಿದ್ದಕ್ಕೆ ಆಮೇಲೆ ಕ್ಷಮೆ ಕೇಳಿದರಾಯಿತು ಎಂದುಕೊಳ್ಳಬೇಡಿ. ಕ್ಷಮಿಸಲು ಅವರು ಬದುಕಿರಬೇಕಲ್ಲ.