ಬಡಿಯಲಾಗದ ಬಾನೆಟ್

ನಮ್ಮ ಮನೆಯಲ್ಲಿ ಕಾರಿನ ಮೈ ಎಂದರೆ ತಗಡು, ತಗಡು ಎಂದರೆ ಅಪ್ಪನ ಸುತ್ತಿಗೆ. ಸೊಟ್ಟಗಾದದ್ದನ್ನು ಅಪ್ಪ ಬಡಿದು ನೆಟ್ಟಗೆ ಮಾಡುತ್ತಾನೆ, ಚಿಕ್ಕಪ್ಪ ಅದರ ಮೇಲೆ ತಗ್ಗು ತುಂಬುವ ಪುಟ್ಟಿ ಮೆತ್ತಿ ಬಣ್ಣ ಹೊಡೆಯುತ್ತಾನೆ. ಇಂಥ ಮನೆಯಲ್ಲಿ ಹುಟ್ಟಿದ ನಾನು ಕಾರ್ಬನ್ ಎಳೆಗಳ ಬಟ್ಟೆಯಿಂದ ಬಾನೆಟ್ ಮಾಡುತ್ತೇನೆ ಎಂದಾಗ ಇಬ್ಬರೂ ಮೂಗು ಮುರಿದರು.

"ಬಟ್ಟೆ ಕೆಲಸಕ್ಕೆ ದರ್ಜಿ ಇದಾನಲ್ಲೇ, ನಾವ್ಯಾಕೆ?" ಎಂದ ಅಪ್ಪ.

ನಾನು ಬೆಟ್ಟ ಹತ್ತುವ ರೇಸಿನಲ್ಲಿ ಕಾರು ಓಡಿಸುವವಳು. ದೊಡ್ಡ ಎಂಜಿನ್‌ಗಳ ಎದುರು ನಮ್ಮ ಹಳೇ ಕಾರಿನ ಆಟ ನಡೆಯುತ್ತಿರಲಿಲ್ಲ. ಹಗುರ ಕಾರುಗಳ ವಿಭಾಗಕ್ಕೆ ಸೇರಬೇಕಾದರೆ ತೂಕ ಏಳುನೂರು ಕಿಲೋ ಮೀರಬಾರದು. ತಗಡಿನ ಮೈಯಲ್ಲಿ ಅದು ಆಗದ ಮಾತು. ಈ ಸಲವೂ ಸೋತರೆ ಕಾರು ಮಾರುವುದೇ ಸೈ ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದ. ಆ ಕಾರು ಹೋದರೆ ನನ್ನ ರೇಸೂ ಮುಗಿದ ಹಾಗೆ.

ಹಳೇ ಬಾನೆಟ್‌ನಿಂದ ಅಚ್ಚು ತೆಗೆದೆ. ಅದಕ್ಕೆ ಮೇಣ ತಿಕ್ಕಿ, ಕರೀ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ರೆಸಿನ್ ಎಂಬ ಅಂಟು ಕುಡಿಸಿ, ಪ್ಲಾಸ್ಟಿಕ್ ಹೊದಿಸಿ ಒಳಗಿನ ಗಾಳಿ ಎಳೆದು ಗಟ್ಟಿಯಾಗಲು ಬಿಟ್ಟೆ. ಡಿಕ್ಕಿ ಮುಚ್ಚಳ, ಬಾಗಿಲುಗಳೂ ಹಾಗೆಯೇ ಆದವು. ಬಾನೆಟ್ಟನ್ನು ಒಂದೇ ಕೈಯಲ್ಲಿ ಎತ್ತಿದಾಗ ನನಗೇ ನಗು ಬಂತು. ಜೋಡಿಸಿ ತೂಗಿದರೆ ಮಿತಿಗಿಂತ ನಾಲ್ಕು ಕಿಲೋ ಕಡಿಮೆ. ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ರೇಸಿನ ದಾರಿ ನೋಡಿಕೊಂಡು ಬರಲು ನಾನು ಹೋದದ್ದೇ ತಪ್ಪಾಯಿತು. ಮರಳಿ ಬಂದಾಗ ಕಾರು ಕೆಂಪಗೆ ಕನ್ನಡಿಯಂತೆ ಹೊಳೆಯುತ್ತಿತ್ತು.

"ನೇಯ್ಗೆ ಎಲ್ಲಾ ಚಾಪೆ ಥರ ಕಾಣ್ತಿತ್ತು ಕಣೇ. ಹಾಗೇ ಕಳಿಸಿದ್ರೆ ನಾಲ್ಕು ಜನ ಏನಂತಾರೆ?" ಎಂದು ಚಿಕ್ಕಪ್ಪ ಬೀಗಿದ. ತೆಳ್ಳಗೆ ಬಣ್ಣ ಹೊಡೆದಿರಬೇಕು ಎಂದುಕೊಂಡು ನಾನೂ ಮತ್ತೆ ತೂಗಲಿಲ್ಲ.

ರೇಸಿನ ಬೆಳಿಗ್ಗೆ ಬೆಟ್ಟದ ಬುಡದಲ್ಲಿ ತಕ್ಕಡಿ ಮಿತಿಗಿಂತ ಆರು ಕಿಲೋ ಹೆಚ್ಚು ತೋರಿಸಿತು.

"ಚಿಕ್ಕಪ್ಪಾ, ಪುಟ್ಟಿ ಹಾಕಿದ್ಯಾ?"

"ಪುಟ್ಟಿ ಇಲ್ದೆ ಬಣ್ಣ ಹೊಡೆಯೋಕಾಗುತ್ತಾ?" ಎಂದವನ ಮುಖ ಮರುಕ್ಷಣವೇ ಬಾಡಿತು. ಯಾರೂ ಏನೂ ಹೇಳುವ ಮೊದಲೇ ಅವನು ಪಕ್ಕದ ತಂಡದವರಿಂದ ಉಜ್ಜುವ ಮೆಷಿನ್ ಕೇಳಿ ತಂದ. ಅಪ್ಪನೂ ನಾನೂ ಉಪ್ಪುಕಾಗದ ಹಿಡಿದೆವು.

"ಕಪ್ಪು ಪುಡಿ ಬಂದ್ರೆ ನಿಲ್ಲಿಸಿ, ಅದು ನನ್ನ ಬಟ್ಟೆ!" ಎಂದು ಕೂಗುತ್ತಲೇ ಉಜ್ಜಿದೆ. ತನ್ನ ಜೀವಮಾನದ ಚೆಂದದ ಕೆಲಸವನ್ನು ಚಿಕ್ಕಪ್ಪ ತಾನೇ ಪುಡಿ ಮಾಡುತ್ತಿದ್ದ. ಅವನ ಮೇಲಿದ್ದ ನನ್ನ ಸಿಟ್ಟೆಲ್ಲ ಅಲ್ಲೇ ಇಳಿಯಿತು. ಕಾರು ಮಾತ್ರ ಕೆಂಪು, ಬೂದು, ಕಪ್ಪು ತೇಪೆ ಹಾಕಿದ ಕೌದಿಯಂತಾಯಿತು.

ಮತ್ತೆ ತಕ್ಕಡಿ. ಇನ್ನೂ ಅರ್ಧ ಕಿಲೋ ಹೆಚ್ಚು. ಉಜ್ಜಲು ಇನ್ನೇನೂ ಉಳಿದಿರಲಿಲ್ಲ.

ಆಗ ಅಪ್ಪ ಕೆಮ್ಮಿದ. ಮೆಲ್ಲಗೆ ಬಾಗಿ ಸೀಟಿನಡಿ ಕೈ ಹಾಕಿ ತನ್ನ ಸುತ್ತಿಗೆ ಹೊರತೆಗೆದ.

"ದಾರೀಲಿ ಎಲ್ಲಾದ್ರೂ ತಗ್ಗು ಬಿದ್ರೆ ಬಡಿಯೋಕೆ ಬೇಕಾಗುತ್ತೆ ಅಂತ..."

"ಅಪ್ಪಾ, ಇದನ್ನ ಬಡಿದ್ರೆ ಒಡೆದೇ ಹೋಗುತ್ತೆ!"

ತೂಕ ನೋಡುವಾತ ಬಿದ್ದು ಬಿದ್ದು ನಕ್ಕು, ಸುತ್ತಿಗೆ ಇಲ್ಲದೆ ಮತ್ತೊಮ್ಮೆ ತೂಗಿ, ಮಿತಿಯೊಳಗಿದೆ ಎಂದು ಚೀಟಿ ಅಂಟಿಸಿದ.

ಬೆಟ್ಟದ ಮೊದಲ ತಿರುವಿನಲ್ಲೇ ನನಗೆ ಗೊತ್ತಾಯಿತು. ಕಾರಿನ ಹಗುರಾದ ಮೂತಿ ನಾನು ಹೇಳಿದ ಮಾತು ಕೇಳುತ್ತಿತ್ತು. ಮೊದಲು ತಡವಾಗಿ ತಿರುಗಿ ಅಂಚಿಗೆ ಜಾರುತ್ತಿದ್ದ ಕಡೆಯಲ್ಲೆಲ್ಲ ಈಗ ಆಕ್ಸಿಲರೇಟರ್ ಒತ್ತಿಯೇ ಹೋದೆ. ಶಿಖರದ ಗೆರೆ ದಾಟಿದಾಗ ನಮ್ಮ ವಿಭಾಗದಲ್ಲಿ ನನ್ನಷ್ಟು ಬೇಗ ಹತ್ತಿದವರು ಯಾರೂ ಇರಲಿಲ್ಲ.

ಕೆಳಗೆ ಬಂದಾಗ ಜನ ಮುತ್ತಿಕೊಂಡರು. ಕೌದಿಯಂಥ ಕಾರು ಕಂಡು ಯಾರೋ ನಕ್ಕರು. ಅಪ್ಪ ಯಾರನ್ನೂ ಕೇಳದೆ ಬಾನೆಟ್ ಬಿಚ್ಚಿ, ಒಂದೇ ಕೈಯಲ್ಲಿ ತಲೆಯ ಮೇಲಕ್ಕೆತ್ತಿದ. ತಗಡಿನ ಬಾನೆಟ್ ಎತ್ತಲು ಜೀವನವಿಡೀ ಇನ್ನೊಬ್ಬರನ್ನು ಕೂಗಿದ ಮನುಷ್ಯ.

"ನೋಡ್ರಪ್ಪಾ, ಒಂದೇ ಕೈ! ನನ್ನ ಮಗಳು ಮಾಡಿದ್ದು!"

ಹಿಂದೆಂದೂ ಅವನ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ಹೆಲ್ಮೆಟ್ ತೆಗೆಯದೆಯೇ ಅತ್ತುಬಿಟ್ಟೆ.