ಕಾರಿಲ್ಲದ ಚಾರ್ಜರ್

ಮೇಲಿನವಳು ಕಾರು ತಗೊಂಡಳು, ಕರೆಂಟಿನದು. ಮೇಲಿನವಳು ಅಂದರೆ ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಅವರು ಮಹಡಿ ಮೇಲೆ, ನಾವು ಕೆಳಗೆ, ಅತ್ತೆ ನಮ್ಮ ಜೊತೆ. ಕಾರಿನ ಮೇಲೆ ನನಗೇನೂ ಹೊಟ್ಟೆಕಿಚ್ಚಿಲ್ಲ, ಬೇಕಾದರೆ ಅದನ್ನ ತಲೆ ಮೇಲೆ ಹೊತ್ತುಕೊಂಡು ಮೆರೆಯಲಿ. ಅತ್ತೆ ಹೋಗಿ ಅದರ ಮುಂದಿನ ಸೀಟಲ್ಲಿ ಕೂತರಲ್ಲ, ಅದಕ್ಕೆ ನನ್ನ ಹೊಟ್ಟೆ ಉರೀತು.

ನಾನು ಟೈಲರ್. ಮುಂದಿನ ಕೋಣೆಯಲ್ಲೇ ನನ್ನ ಮಿಷನ್ನು. ಅತ್ತೆಯ ಬಲಮಂಡಿ ಕೈಕೊಟ್ಟಾಗಿನಿಂದ, ಸಂಜೆಯಾದರೆ ಮಿಷನ್ನಿಗೆ ಬಟ್ಟೆ ಹೊದಿಸಿ, ಅವರ ಕೈ ಹಿಡಿದು ಬೀದಿ ತುದಿಯ ಕಲ್ಲುಬೆಂಚಿನ ತನಕ ಹೋಗಿಬರುತ್ತಿದ್ದೆ. ಇಡೀ ಬೀದಿಯ ಸುದ್ದಿ ನಮ್ಮಿಬ್ಬರ ಬಾಯಲ್ಲಿ. ನನ್ನ ಹೆತ್ತಮ್ಮನೂ ನನ್ನ ಹತ್ತಿರ ಅಷ್ಟು ಮಾತಾಡಿದವಳಲ್ಲ. ಈಗ ಸಂಜೆಯಾದರೆ ಗೇಟಿನ ಹತ್ತಿರ ಹಾರ್ನು. ಅತ್ತೆ ತಲೆ ಬಾಚಿಕೊಂಡು ತಯಾರು. ಎಲ್ಲಿಗೆ ಅಂತ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಹಾರ್ನು ಕೇಳಿಸಬಾರದು ಅಂತ ಮಿಷನ್ ಇನ್ನೂ ಜೋರಾಗಿ ತುಳೀತಿದ್ದೆ, ಅಷ್ಟೇ.

ಒಂದು ಬೆಳಿಗ್ಗೆ ಮೇಲಿನವಳು ಇಳಿದು ಬಂದಳು.

"ಅಕ್ಕಾ, ಮನೇಲೇ ಚಾರ್ಜರ್ ಹಾಕಿಸೋಣ ಅಂತ. ಕರೆಂಟ್ ಆಫೀಸಲ್ಲಿ ಕೇಳಿದೆ. ಒಂದು ಕಟ್ಟಡಕ್ಕೆ ಒಂದೇ ಕೊಡೋದಂತೆ, ಈ ಲೈನು ಅದಕ್ಕಿಂತ ಜಾಸ್ತಿ ತಡ್ಕೊಳ್ಳಲ್ವಂತೆ. ಮೊದಲು ಅರ್ಜಿ ಹಾಕಿದವರಿಗೆ. ಕೇಬಲ್ಲು ಓಡಾಡೋ ದಾರಿಗೆ ಅಡ್ಡ ಬರಬಾರದು, ಹಾಗಾಗಿ ನಿಮ್ಮ ಗೋಡೆಗೇ ಹಾಕ್ಬೇಕು. ನೀವು ಒಪ್ಪಿಗೆ ಬರ್ಕೊಟ್ರೆ..."

"ನಾವೂ ಕಾರು ತಗೋತಿದೀವಲ್ಲ," ಅಂದುಬಿಟ್ಟೆ.

ಆ ಮಾತು ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ. ಬಂದ ಮೇಲೆ ನುಂಗೋಕಾಗುತ್ತಾ? ಅವಳ ಮುಖ ಸಪ್ಪಗಾಯ್ತು. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಖುಷಿ.

ಅವತ್ತೇ ಹೋಗಿ ನನ್ನ ಹೆಸರಲ್ಲಿ ಅರ್ಜಿ ಹಾಕಿದೆ. ಕಾರಿದೆಯಾ ಅಂತ ಅಲ್ಲಿ ಯಾರೂ ಕೇಳಲಿಲ್ಲ. ಎಲೆಕ್ಟ್ರಿಷಿಯನ್ ಬಂದು ಗೋಡೆ ಕೊರೆದು ಬಿಳಿ ಡಬ್ಬಿ ಕೂರಿಸಿದ. ಅದಕ್ಕೊಂದು ಬೀಗ, ಕೆಳಗೆ ಸುರುಳಿ ಸುತ್ತಿದ ಕೇಬಲ್ಲು. ನಮ್ಮನೆಯವರು ಸ್ಕೂಟರ್ ನಿಲ್ಲಿಸಿ ಮೊದಲು ಅದನ್ನ ನೋಡಿದರು, ಆಮೇಲೆ ನನ್ನ ನೋಡಿದರು.

"ಇದಕ್ಕೆ ಏನನ್ನ ಸಿಗಿಸ್ತೀಯೆ, ನಿನ್ನ ಹೊಲಿಗೆ ಮಿಷನ್ನಾ?"

"ಸುಮ್ನಿರಿ. ಕಾರು ಯಾವತ್ತಾದ್ರೂ ಬಂದೇ ಬರುತ್ತೆ."

ಅವರು ತಲೆ ಚಚ್ಚಿಕೊಂಡು ಒಳಗೆ ಹೋದರು. ದಿನಾ ಬೆಳಿಗ್ಗೆ ಮೇಲಿನವಳು ಆ ಡಬ್ಬಿ ಮುಂದೆಯೇ ಕಾರು ತೆಗೆಯುತ್ತಿದ್ದಳು. ನಾನು ಬೇಕಂತಲೇ ಅದರ ಧೂಳು ಒರೆಸುತ್ತಾ ನಿಲ್ಲುತ್ತಿದ್ದೆ. ಸಂಜೆ ಮಾತ್ರ ಮತ್ತೆ ಅದೇ ಹಾರ್ನು, ಅದೇ ಮುಂದಿನ ಸೀಟು.

ಕೊನೆಗೆ ಕರೆಂಟ್ ಆಫೀಸಿನ ಇನ್ಸ್‌ಪೆಕ್ಟರ್ ತಪಾಸಣೆಗೆ ಬಂದರು, ಸಂಜೆ ಹೊತ್ತಿಗೆ. ಅರ್ಥಿಂಗ್ ನೋಡಿದರು, ಡಬ್ಬಿ ನೆಲದಿಂದ ಎಷ್ಟು ಎತ್ತರಕ್ಕಿದೆ ಅಂತ ಅಳೆದರು.

"ಎಲ್ಲಾ ಸರಿಯಿದೆ. ಕಾರು ತನ್ನಿ."

"ಯಾವ ಕಾರು?"

"ನಿಮ್ಮ ಕಾರಮ್ಮಾ. ಸಿಗಿಸಿ, ಚಾರ್ಜ್ ಆಗೋದನ್ನ ಕಣ್ಣಾರೆ ನೋಡಿದ ಮೇಲೇ ನಾನು ಸಹಿ ಹಾಕೋದು. ಇಲ್ಲಾಂದ್ರೆ ಅನುಮತಿ ರದ್ದು. ಡಬ್ಬಿ ಬಿಚ್ಚಿಸ್ಬೇಕಾಗುತ್ತೆ."

ಬೀದಿಯವರೆಲ್ಲ ನೋಡುತ್ತಿರುವಾಗ ಬಿಚ್ಚಿಸೋದಾ?

"ಯಾರ ಕಾರಾದ್ರೂ ಆಗುತ್ತಾ?"

"ಯಾರದಾದ್ರೂ ಸರಿ."

ಗೇಟಿನ ಹತ್ತಿರ ಹಾರ್ನಾಯಿತು. ಅತ್ತೆ ಹೋಗಿ ಮುಂದಿನ ಸೀಟಲ್ಲಿ ಕೂತರು. ಹೋಗಿ ಕಾರಿಗೆ ಅಡ್ಡ ನಿಂತೆ.

"ಸ್ವಲ್ಪ ಕಾರು ಈ ಕಡೆ ತರ್ತೀಯಾ?"

ಅವಳು ಇನ್ಸ್‌ಪೆಕ್ಟರನ್ನ ನೋಡಿದಳು, ಡಬ್ಬಿ ಮುಂದಿನ ಖಾಲಿ ಜಾಗ ನೋಡಿದಳು. ಎಲ್ಲ ಅರ್ಥವಾಯ್ತು ಅಂತ ಮುಖದಲ್ಲೇ ಗೊತ್ತಾಯಿತು. ಒಂದು ಕೊಂಕು ಮಾತಾಡಿದ್ದರೂ ಸಾಕಿತ್ತು, ಜಗಳಕ್ಕೆ ನಿಲ್ಲಬಹುದಿತ್ತು. ಸುಮ್ಮನೆ ಕಾರು ತಂದು ನಿಲ್ಲಿಸಿ ಕೇಬಲ್ ಸಿಗಿಸಿದಳು. ಹಸಿರು ದೀಪ ಹತ್ತಿತು. ಇನ್ಸ್‌ಪೆಕ್ಟರ್ ಸಹಿ ಹಾಕಿ ಹೊರಟರು.

ಅತ್ತೆ ಬಾಗಿಲು ಹಿಡಿದು ಮೆಲ್ಲಗೆ ಇಳಿದರು.

"ಸದ್ಯ, ಇನ್ನು ಆ ಚಾರ್ಜ್ ಹಾಕೋ ಜಾಗಕ್ಕೆ ಹೋಗೋದು ತಪ್ತು."

"ಯಾವ ಜಾಗ ಅತ್ತೆ?"

"ದಿನಾ ಸಂಜೆ ಎಲ್ಲಿಗೆ ಹೋಗ್ತಿದ್ವಿ ಅಂದ್ಕೊಂಡಿದ್ದೆ ನೀನು, ತಿರುಗಾಟಕ್ಕಾ? ಹೆದ್ದಾರಿ ಪಕ್ಕ, ಲಾರಿಗಳ ಮಧ್ಯೆ. ಇವಳೊಬ್ಳೇ ಕೂತಿರ್ಬೇಕು, ಕತ್ತಲಾಗುತ್ತೆ. ಹೆಣ್ಣುಮಗು ಅಂತ ಜೊತೆಗೆ ಹೋಗ್ತಿದ್ದೆ. ಕೂತು ಕೂತು ಮಂಡಿ ಮರಗಟ್ಟಿ ಹೋಗಿದೆ."

ನನಗೆ ಕೆನ್ನೆಗೆ ಹೊಡೆದಂತಾಯಿತು. ಅವತ್ತು ಬೆಳಿಗ್ಗೆ ನಾನು ಹೂಂ ಅಂದಿದ್ದರೆ ಅತ್ತೆ ಎಂದೋ ನನ್ನ ಬೆಂಚಿಗೆ ವಾಪಸ್ಸು ಬಂದಿರುತ್ತಿದ್ದರು. ನಾನೇ ಕೈಯಾರೆ ಅವರನ್ನ ದಿನಾ ಕಾರು ಹತ್ತಿಸಿ ಕಳಿಸಿದ್ದೆ.

"ನನಗೊಂದು ಮಾತು ಹೇಳ್ಬಾರ್ದಿತ್ತಾ ಅತ್ತೆ?"

"ನೀನು ಕೇಳಿದ್ಯಾ? ಹಾರ್ನಾದ್ರೆ ಮಿಷನ್ ತುಳಿಯೋದೇ ಜೋರು. ಹಿಂದಿನ ಸೀಟು ದಿನಾ ಖಾಲಿನೇ ಇರ್ತಿತ್ತು."



"ಅಕ್ಕಾ," ಅಂದಳು ಮೇಲಿನವಳು, ನೆಲ ನೋಡುತ್ತಾ, "ನಿಮ್ಮ ಕಾರು ಬರೋ ತನಕ ನಾನು ಇದನ್ನ ಬಳಸ್ಲಾ?"

ಯಾವ ಕಾರೂ ಬರಲ್ಲ ಅಂತ ಅವಳಿಗೆ ಗೊತ್ತು. ನನ್ನ ಮಾನ ಉಳಿಸುವ ಕೆಲಸವನ್ನೂ ಅವಳೇ ಮಾಡಬೇಕಾ ಅಂತ ಅದಕ್ಕೂ ಸಿಟ್ಟು ಬಂತು.

"ಬಳಸ್ಕೋ. ಬೀಗದ ಕೈ ಮಾತ್ರ ನನ್ನ ಹತ್ರಾನೇ ಇರುತ್ತೆ. ದಿನಾ ಬಂದು ಕೇಳು."

ಅತ್ತೆ ಬೆಂಚಿಗೆ ಹೋಗೋಣ ಅಂತ ಕೈ ಚಾಚಿದರು. ಹಿಡಿದುಕೊಂಡೆ.

"ನಾನೂ ಬರ್ಲಾ ಅಕ್ಕಾ?"

ಬೆಂಚು ಚಿಕ್ಕದು ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. "ಬಾ," ಅಂದೆ.

ಅವಳು ಎಡಗೈ ಹಿಡಿದಳು. ಬಲಗಡೆ ನಾನು ಬಿಟ್ಟುಕೊಡಲಿಲ್ಲ, ನೋಯುವ ಮಂಡಿ ಆ ಕಡೆಯದು. ಅತ್ತೆಯ ಭಾರ ಯಾರ ಮೇಲೆ ಹೆಚ್ಚು ಬೀಳುತ್ತೆ ಅಂತ ಬೆಂಚಿನ ತನಕ ನೋಡಿಕೊಂಡೇ ನಡೆದೆ. ನನ್ನ ಮೇಲೇ ಇತ್ತು.